ಮತಪಟ್ಟಿಯಲ್ಲಿ ನಮ್ಮ ಹೆಸರಿರಲಿ, ಸಭೆಯಲ್ಲಿ ನಮ್ಮ ಮಾತಿರಲಿ



ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವ ನಮಗೆಲ್ಲ ಈಗ 17 ಅಥವಾ 18 ವರ್ಷ. ನಮ್ಮ ತಲೆ ತುಂಬ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್, ಸಿಎ ಫೌಂಡೇಶನ್, ಬಿ.ಕಾಂ ಸೀಟು ಇವೇ ಇವೆ. ಇವೆಲ್ಲದರ ನಡುವೆ ಇನ್ನೊಂದು ದೊಡ್ಡ ಸಂಗತಿ ಸದ್ದಿಲ್ಲದೆ ನಡೆಯುತ್ತಿದೆ. ನಾವು ಮತದಾರರಾಗುತ್ತಿದ್ದೇವೆ. ಇದಕ್ಕೆ ಹಾಲ್ ಟಿಕೆಟ್ ಇಲ್ಲ, ಕೋಚಿಂಗ್ ಇಲ್ಲ, ಯಾರೂ ನೆನಪಿಸುವುದೂ ಇಲ್ಲ. ಅದಕ್ಕೇ ಬಹಳಷ್ಟು ಜನ ಇದನ್ನು ಮರೆತುಬಿಡುತ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ವಯಸ್ಸಿನವರು ಮತಪಟ್ಟಿಗೆ ಹೆಸರು ಸೇರಿಸಿಕೊಳ್ಳಬೇಕು. ಆದರೆ ಅಷ್ಟಕ್ಕೇ ನಿಲ್ಲಬಾರದು. ಐದು ವರ್ಷಕ್ಕೊಮ್ಮೆ ಗುಂಡಿ ಒತ್ತಿ ಮನೆಗೆ ಬರುವುದು ಪ್ರಜಾಪ್ರಭುತ್ವದ ಒಂದು ದಿನದ ಕೆಲಸ. ಉಳಿದ ದಿನಗಳ ಕೆಲಸವೂ ಇದೆ. ಅದರಲ್ಲಿ ಸ್ವಲ್ಪ ಭಾಗವನ್ನು 18 ತುಂಬುವ ಮೊದಲೇ ಶುರು ಮಾಡಬಹುದು.

ರಾಜಕೀಯ ನಮಗ್ಯಾಕೆ?

ಈ ಪ್ರಶ್ನೆಯನ್ನು ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಮನೆಗಳಲ್ಲೂ ಕೇಳಿದ್ದೇನೆ. "ಹಮ್‌ಕು ಕ್ಯಾ ಕರ್ನಾ ಹೈ" ಎಂದು ದೊಡ್ಡವರು ಕೈ ಒದರಿಬಿಡುತ್ತಾರೆ. ಓದು, ಕೆಲಸ ಹಿಡಿ, ಆಗದಿದ್ದರೆ ಬೆಂಗಳೂರಿಗೋ ಸೌದಿಗೋ ಹೋಗು, ರಾಜಕೀಯ ದುಡ್ಡಿದ್ದವರ ಆಟ ಎನ್ನುತ್ತಾರೆ. ಅವರ ಬೇಸರಕ್ಕೆ ಕಾರಣಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ನಾವು ರಾಜಕೀಯವನ್ನು ಬಿಟ್ಟರೂ ರಾಜಕೀಯ ನಮ್ಮನ್ನು ಬಿಡುವುದಿಲ್ಲ. ವಾಣಿಜ್ಯ ವಿದ್ಯಾರ್ಥಿಯಾಗಿ ಇದನ್ನು ಲೆಕ್ಕದಲ್ಲೇ ತೋರಿಸಬಹುದು.

ನಾವು ಬರೆಯುವ ನೋಟ್‌ಬುಕ್ಕಿಗೆ ಶೇ 12 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಸೊನ್ನೆಯಾಯಿತು. ಪೆನ್ಸಿಲ್ಲಿಗೂ ಹಾಗೆಯೇ. ಏರಿಸಿದವರೂ ಇಳಿಸಿದವರೂ ಜಿಎಸ್‌ಟಿ ಮಂಡಳಿಯಲ್ಲಿ ಕೂತ ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳು, ಅಂದರೆ ಜನ ಆರಿಸಿದವರು. ನಮಗೆ ಮತ ಹಾಕಲು 18 ಆಗಬೇಕು. ತೆರಿಗೆ ಕಟ್ಟಲು ಮಾತ್ರ ಯಾರೂ ವಯಸ್ಸು ಕೇಳುವುದಿಲ್ಲ. ಅಂಗಡಿಯಲ್ಲಿ ಬಿಸ್ಕತ್ತು ಕೊಂಡ ಪ್ರತಿ ಮಗುವೂ ತೆರಿಗೆದಾರನೇ.

ನಮ್ಮ ಜಿಲ್ಲೆಯನ್ನೇ ನೋಡಿ. ಚನ್ನರಾಯಪಟ್ಟಣದ ಕಡೆಯಿಂದ ಬರುವ ಗೆಳತಿಯರ ಮನೆಗಳಲ್ಲಿ ತೆಂಗಿನ ತೋಟವಿದೆ. ಕೊಬ್ಬರಿಗೆ ಬೆಂಬಲ ಬೆಲೆ ಎಷ್ಟು ಎಂದು ನಿರ್ಧಾರವಾಗುವುದು ದೆಹಲಿಯಲ್ಲಿ. ಅರಕಲಗೂಡಿನ ಕಡೆಯವರು ಹೊಗೆಸೊಪ್ಪು ಬೆಳೆಯುತ್ತಾರೆ. ಒಂದು ಹಂಗಾಮಿನಲ್ಲಿ ಎಷ್ಟು ಬೆಳೆಯಬಹುದು ಎಂದು ಹೇಳುವುದು ತಂಬಾಕು ಮಂಡಳಿ. ಹೊಳೆನರಸೀಪುರದ ಗದ್ದೆಗಳಿಗೆ ಹೇಮಾವತಿಯ ನೀರು ಯಾವಾಗ ಬಿಡಬೇಕು ಎಂಬುದೂ ಒಂದು ಸಭೆಯ ತೀರ್ಮಾನವೇ. ಇನ್ನು ನಮ್ಮಲ್ಲಿ ಅನೇಕರು ಕಾಲೇಜು ಅರ್ಜಿಯಲ್ಲಿ ತುಂಬುವ 2ಬಿ ಪ್ರವರ್ಗ. ಆ ಶೇ 4ರ ಮೀಸಲಾತಿ 1995ರಲ್ಲಿ ಬಂತು. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆಯುವ ನಿರ್ಧಾರವಾಯಿತು, ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ಬಂದದ್ದು ಸರಿಯೋ, ತೆಗೆದದ್ದು ಸರಿಯೋ ಎಂದು ಇಲ್ಲಿ ವಾದಿಸುತ್ತಿಲ್ಲ. ಎರಡೂ ನಿರ್ಧಾರಗಳು ಚುನಾಯಿತ ಸರ್ಕಾರಗಳದ್ದು, ಎರಡೂ ನಮ್ಮ ಸೀಟಿಗೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತಿದ್ದೇನೆ. ಇಷ್ಟಾದ ಮೇಲೂ ರಾಜಕೀಯ ನಮಗ್ಯಾಕೆ ಎಂದರೆ, ಅಂಗಡಿಯ ಮಾಲೀಕನೇ ಲೆಕ್ಕದ ಪುಸ್ತಕ ನನಗ್ಯಾಕೆ ಎಂದ ಹಾಗೆ.

ಒಂದು ಮತಕ್ಕೆ ಏನು ಬೆಲೆ?

"ನನ್ನ ಒಂದು ಮತದಿಂದ ಏನಾಗುತ್ತೆ" ಎನ್ನುವವರಿಗೆ ಕರ್ನಾಟಕದಲ್ಲೇ ಒಂದು ಉತ್ತರವಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದವು. ಒಂದೇ ಮತ! 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳಲ್ಲಿ ನಿರ್ಧಾರವಾಯಿತು. ಹದಿನಾರು ಜನ ಎಂದರೆ ನಮ್ಮ ತರಗತಿಯ ಮೂರು ಬೆಂಚು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಂತೂ ನಾಲ್ಕೈದು ಮತಗಳ ಸೋಲು ಗೆಲುವು ಪ್ರತಿ ಊರಲ್ಲೂ ಕೇಳುವ ಕಥೆ.

ಇನ್ನೊಂದು ಬೆಲೆಯೂ ಇದೆ, ಅದರ ಬಗ್ಗೆ ಪಿಸುಮಾತಿನಲ್ಲಿ ಮಾತ್ರ ಮಾತಾಡುತ್ತಾರೆ. ಚುನಾವಣೆಯ ಹಿಂದಿನ ರಾತ್ರಿ ಕೈಗೆ ಬರುವ ಕವರ್. ಅದರಲ್ಲಿ ಸಾವಿರ ರೂಪಾಯಿ ಇತ್ತು ಎಂದುಕೊಳ್ಳಿ. ಐದು ವರ್ಷ ಎಂದರೆ 1,825 ದಿನ. ಸಾವಿರವನ್ನು 1,825ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 55 ಪೈಸೆ. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಟೀ ಕೂಡ ಬರುವುದಿಲ್ಲ. ಅಷ್ಟಕ್ಕೆ ಐದು ವರ್ಷದ ರಸ್ತೆ, ನೀರು, ಆಸ್ಪತ್ರೆ, ಶಾಲೆಗಳನ್ನು ಕೇಳುವ ಹಕ್ಕನ್ನು ಮಾರಿದ ಹಾಗಾಯಿತು. ಇದಕ್ಕಿಂತ ನಷ್ಟದ ವ್ಯಾಪಾರವನ್ನು ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲೂ ನಾನು ಓದಿಲ್ಲ. ನಮ್ಮ ಮನೆಗಳಲ್ಲಿ ಮತವನ್ನು 'ಅಮಾನತ್' ಎನ್ನುತ್ತಾರೆ, ಅಂದರೆ ನಂಬಿ ಕೈಗೆ ಕೊಟ್ಟದ್ದು. ಅಮಾನತನ್ನು ಮಾರಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು.

ನಮ್ಮ ಹಾಗೆಯೇ ಇದ್ದವರು

"ನಮ್ಮಂಥವರಿಗೆ ಅಲ್ಲಿ ಜಾಗ ಎಲ್ಲಿದೆ" ಎಂಬ ಮಾತು ನನಗೆ ಎಲ್ಲಕ್ಕಿಂತ ನೋವು ಕೊಡುತ್ತದೆ. ಮೂವರ ಉದಾಹರಣೆ ಕೊಡುತ್ತೇನೆ. ಮೂವರನ್ನೂ ಪಕ್ಷ ಬದಿಗಿಟ್ಟು ನೋಡೋಣ.

ಮೊದಲನೆಯವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದವರು. ಬರ ಬಂದ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಈ ಬಿರುದನ್ನು ಯಾವ ಸರ್ಕಾರವೂ ಕೊಟ್ಟಿದ್ದಲ್ಲ, ಬಿಂದಿಗೆ ಹಿಡಿದು ನಿಂತ ಹೆಂಗಸರು ಕೊಟ್ಟದ್ದು. ಆದರೆ ಅವರ ದೊಡ್ಡ ಕೆಲಸ ನೀರಿಗಿಂತಲೂ ಆಚೆ ಇದೆ. 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಕಾಯ್ದೆಯ ಹಿಂದೆ ಇದ್ದವರು ಅವರು. ಆ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. ದೇಶಕ್ಕೆಲ್ಲ ಪಂಚಾಯಿತಿ ವ್ಯವಸ್ಥೆ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಅದಕ್ಕೂ ಮೊದಲೇ ನಮ್ಮ ರಾಜ್ಯದಲ್ಲಿ ಹಳ್ಳಿಯವರ ಕೈಗೆ ಅಧಿಕಾರ ಕೊಡುವ ಪ್ರಯತ್ನ ಆಗಿತ್ತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿರುವ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇಂದಿಗೂ ಅವರದೇ ಹೆಸರು.

ಎರಡನೆಯವರು ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಮೇಡಂ. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮಗೆಲ್ಲ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷವಾಯಿತು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಆ ಕಥೆಗಳಿಂದ ಕನ್ನಡದ ಕೃತಿಗೆ ಮೊದಲ ಬಾರಿಗೆ ಆ ಪ್ರಶಸ್ತಿ ಬಂತು. ಎಲ್ಲರೂ ಅವರನ್ನು ಲೇಖಕಿ ಎಂದು ಹೊಗಳಿದರು, ಅದು ಸರಿಯೇ. ಆದರೆ ಅವರು ವಕೀಲೆ, ಪತ್ರಕರ್ತೆಯೂ ಹೌದು. 1980ರ ದಶಕದಲ್ಲಿ ಹಾಸನ ನಗರಸಭೆಗೆ ಆಯ್ಕೆಯಾಗಿ ಎರಡು ಅವಧಿ ಸದಸ್ಯೆಯಾಗಿದ್ದವರು. ನಾವು ಓಡಾಡುವ ಬೀದಿಗಳ ಚರಂಡಿ, ದೀಪ, ನಲ್ಲಿಗಳ ಬಗ್ಗೆ ಮಾತಾಡುವ ಸಭೆಯಲ್ಲಿ ಉರ್ದು ಮನೆಮಾತಿನ ಒಬ್ಬ ಹೆಣ್ಣುಮಗಳು ನಾವು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಕೂತಿದ್ದರು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಸರ್ಕಾರ ಕರೆದಾಗ ಕೆಲವರು ಕೋರ್ಟಿಗೆ ಹೋದರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಆ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಸಂವಿಧಾನ ಎಂದರೆ ಪೌರನೀತಿ ಪುಸ್ತಕದ ಪಾಠವಷ್ಟೇ ಅಲ್ಲ ಎಂದು ನನಗೆ ಅಂದು ಚೆನ್ನಾಗಿ ಅರ್ಥವಾಯಿತು.

ಮೂರನೆಯವರು ಎಚ್.ಡಿ. ದೇವೇಗೌಡರು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿ, ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು. ಅವರು 1996ರ ಜೂನ್ 1ರಂದು ಪ್ರಧಾನಿಯಾದದ್ದು ಎಲ್ಲರಿಗೂ ಗೊತ್ತು. ಎಲ್ಲಿಂದ ಶುರು ಮಾಡಿದರು ಎಂಬುದು ಕೆಲವರಿಗಷ್ಟೇ ಗೊತ್ತು. ಹೊಳೆನರಸೀಪುರದ ಒಂದು ಸಹಕಾರ ಸಂಘದ ಅಧ್ಯಕ್ಷತೆ, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವ, ಆಮೇಲೆ 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆ. ಸಹಕಾರ ಸಂಘ ಎಂದರೆ ನಮ್ಮ ವಾಣಿಜ್ಯ ವಿಭಾಗದಲ್ಲಿ ಐದು ಅಂಕದ ಪ್ರಶ್ನೆ. ಅವರಿಗೆ ಅದು ಮೊದಲ ಮೆಟ್ಟಿಲು.

ಮೂವರೂ ದೊಡ್ಡ ಹುದ್ದೆ ಸಿಗಲಿ ಎಂದು ಕಾಯಲಿಲ್ಲ. ಊರಿನ ನೀರು, ಊರಿನ ಸಂಘ, ಊರಿನ ನಗರಸಭೆಯಲ್ಲಿ ಕೆಲಸ ಮಾಡಿದರು.

ಪದಗಳು ಕಚೇರಿಯಲ್ಲಿವೆ, ನಾವು ಎಲ್ಲಿ?

ನಾನು ಉರ್ದು ಮಾತಾಡುವ ಮನೆಯಿಂದ ಬಂದವಳು. ಕನ್ನಡ ಕಲಿತದ್ದು ಶಾಲೆಯಲ್ಲಿ, ಬೀದಿಯಲ್ಲಿ. ತಾಲ್ಲೂಕು ಕಚೇರಿಗೆ ಹೋಗಬೇಕೆಂದರೆ ನಮ್ಮ ಮನೆಯ ಹಿರಿಯರಿಗೆ ಈಗಲೂ ಒಂದು ಅಂಜಿಕೆ. ಕನ್ನಡ ಸರಿಯಾಗಿ ಬರುವುದಿಲ್ಲ, ಏನಾದರೂ ತಪ್ಪು ಮಾತಾಡಿಬಿಡುತ್ತೇವೆ ಎಂದು. ಒಂದು ದಿನ ಕೂತು ಕಚೇರಿಯಲ್ಲಿ ಬಳಸುವ ಪದಗಳನ್ನು ಪಟ್ಟಿ ಮಾಡಿದೆ. ತಹಶೀಲ್ದಾರ್, ಶಿರಸ್ತೇದಾರ್, ಜಿಲ್ಲೆ, ತಾಲ್ಲೂಕು, ಅರ್ಜಿ, ದರಖಾಸ್ತು, ಬಗರ್ ಹುಕುಂ, ನಕಲು, ವಕೀಲ, ಜಾಮೀನು, ರಾಜೀನಾಮೆ, ಕಾನೂನು, ಸರ್ಕಾರ, ಹಕ್ಕು. ಇವೆಲ್ಲ ಪಾರಸಿ, ಅರಬ್ಬಿಯಿಂದ ಬಂದು ಕನ್ನಡದ ಪದಗಳೇ ಆಗಿಹೋಗಿವೆ. ಕನ್ನಡ ಇವನ್ನು ಹೊರಗಿನವು ಎಂದು ಬಾಗಿಲಲ್ಲಿ ನಿಲ್ಲಿಸಲಿಲ್ಲ, ಒಳಗೆ ಕರೆದು ಕೂರಿಸಿತು. ನಮ್ಮ ಮನೆಮಾತಿನ ಪದಗಳು ನೂರಾರು ವರ್ಷಗಳಿಂದ ಕಚೇರಿಯಲ್ಲಿವೆ. ನಾವು ಮಾತ್ರ ಬಾಗಿಲ ಹೊರಗೆ ಯಾಕೆ ನಿಲ್ಲಬೇಕು?

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕನ್ನಡದಲ್ಲಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲು ಬಾರದಿದ್ದರೆ ನಾವು ಇಲ್ಲಿ ಯಾವ ಸೇವೆಯನ್ನೂ ಮಾಡಲಾರೆವು. ನಮ್ಮಲ್ಲಿ ಕೆಲವರು ಕನ್ನಡ ಎಂದರೆ ಪಾಸಾದರೆ ಸಾಕು ಎಂದುಕೊಂಡಿದ್ದಾರೆ. ಬಾನು ಮುಷ್ತಾಕ್ ಅವರು ಚಿಕ್ಕ ಹುಡುಗಿಯಾಗಿದ್ದಾಗ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ್ದು ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಕಲಿತರು. ಉರ್ದು ಬಿಡಿ ಎಂದು ನಾನು ಹೇಳುತ್ತಿಲ್ಲ. ಎರಡು ಭಾಷೆ ಬಲ್ಲವರು ಎರಡು ಮನೆಗಳ ಕಷ್ಟ ಕೇಳಬಲ್ಲರು.

ಅಮ್ಮಿಯ ಹೆಸರು ಎಲ್ಲಿತ್ತು?

2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನವಿತ್ತು. ನಮ್ಮ ಅಮ್ಮಿ ಬೇಗ ಅಡುಗೆ ಮುಗಿಸಿ, ಬುರ್ಖಾ ಹಾಕಿಕೊಂಡು, ಗುರುತಿನ ಚೀಟಿ ಹಿಡಿದು ಮತಗಟ್ಟೆಗೆ ಹೋದರು. ಬಿಸಿಲಲ್ಲಿ ಸಾಲಿನಲ್ಲಿ ನಿಂತರು. ಒಳಗೆ ಪಟ್ಟಿ ನೋಡಿದವರು ಹೆಸರಿಲ್ಲ ಎಂದರು. ಅಮ್ಮಿ ಏನೂ ಮಾತಾಡದೆ ಮನೆಗೆ ಬಂದು ಬೆರಳು ನೋಡಿಕೊಂಡು ಕೂತದ್ದು ನನಗೆ ನೆನಪಿದೆ. ಅವರ ತವರು ಅರಕಲಗೂಡು. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದರು, ಆಮೇಲೆ ನಾವೆಲ್ಲ ಹಾಸನಕ್ಕೆ ಬಂದೆವು. ಆಮೇಲೆ ಹುಡುಕಿದಾಗ ಅವರ ಹೆಸರು ಹೊಳೆನರಸೀಪುರದ ಹಳೇ ವಿಳಾಸದಲ್ಲೇ ಇತ್ತು. ಅದೂ ಕೊನೆಯ 'ಬಾನು' ಎನ್ನುವುದು 'ಬಾನ' ಎಂದಾಗಿತ್ತು.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ನಮ್ಮ ಹೆಸರುಗಳನ್ನು ಬರೆಯುವವರು ತಮಗೆ ಕೇಳಿಸಿದ ಹಾಗೆ ಬರೆಯುತ್ತಾರೆ. ಒಂದೇ ವ್ಯಕ್ತಿ ಆಧಾರ್‌ನಲ್ಲಿ ಮೊಹಮ್ಮದ್, ರೇಷನ್ ಕಾರ್ಡಿನಲ್ಲಿ ಮಹಮದ್, ಅಂಕಪಟ್ಟಿಯಲ್ಲಿ ಬರೀ ಎಂ.ಡಿ. ಬಾಡಿಗೆ ಮನೆ ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ನಾವು ಅಕೌಂಟೆನ್ಸಿಯಲ್ಲಿ ಕ್ಯಾಶ್ ಬುಕ್ಕಿಗೂ ಪಾಸ್ ಬುಕ್ಕಿಗೂ ತಾಳೆ ನೋಡುವುದನ್ನು ಕಲಿತಿದ್ದೇವೆ. ಅದೇ ಕೆಲಸವನ್ನು ಮನೆಯ ದಾಖಲೆಗಳಿಗೂ ಮಾಡಬೇಕು. ಕೆಲಸ ಕಷ್ಟದ್ದಲ್ಲ. ಹೇಗೆ ಎಂದು ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

17 ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿಯೇ ಅರ್ಜಿ ಹಾಕಬಹುದು. ಮೊದಲು ಜನವರಿ 1ಕ್ಕೆ 18 ತುಂಬಿರಬೇಕು ಎಂಬ ಒಂದೇ ದಿನಾಂಕವಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಿವೆ. ನನಗೆ ಮೇ ತಿಂಗಳಲ್ಲಿ 18 ಆಗುತ್ತದೆ, ಜುಲೈ 1ರ ಲೆಕ್ಕಕ್ಕೆ ಬರುತ್ತೇನೆ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಒಂದು ದಾಖಲೆ, ಒಂದು ಫೋಟೊ ಸಾಕು. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಹಾಕಬಹುದು, ಇಲ್ಲವೇ ನಿಮ್ಮ ಮತಗಟ್ಟೆಯ ಬಿಎಲ್‌ಒ ಕೈಗೆ ಕೊಡಬಹುದು. ಹೆಸರು ತಿದ್ದಲು ಮತ್ತು ವಿಳಾಸ ಬದಲಿಸಲು ನಮೂನೆ 8. ಅನುಮಾನವಿದ್ದರೆ 1950ಕ್ಕೆ ಫೋನ್ ಮಾಡಿ. ಹಾಸ್ಟೆಲಿನಲ್ಲಿರುವವರು ಊರಿನ ವಿಳಾಸವನ್ನಾದರೂ ಹಾಸ್ಟೆಲ್ ವಿಳಾಸವನ್ನಾದರೂ ಕೊಡಬಹುದು, ಎರಡೂ ಕಡೆ ಮಾತ್ರ ಬೇಡ. ಅಮ್ಮಿಯ ನಮೂನೆ 8ನ್ನು ನಾನೇ ಫೋನಿನಲ್ಲಿ ತುಂಬಿದೆ. ಇಪ್ಪತ್ತು ನಿಮಿಷ ಹಿಡಿಯಿತು. ನಾವು ಒಂದು ರೀಲ್ಸ್ ನೋಡಲು ಕೂತರೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಅಂದ ಹಾಗೆ ನಮ್ಮ ಕ್ಷೇತ್ರ ಯಾವುದು ಎಂಬುದೂ ಗೊತ್ತಿರಲಿ. ಚನ್ನರಾಯಪಟ್ಟಣದ ಗೆಳತಿಯೊಬ್ಬಳು ಮತಪಟ್ಟಿಯಲ್ಲಿ ತನ್ನ ಊರಿನ ಹೆಸರಿನ ಕ್ಷೇತ್ರ ಹುಡುಕಿ ಸುಸ್ತಾದಳು. ವಿಧಾನಸಭೆಯ ಲೆಕ್ಕದಲ್ಲಿ ಆ ಊರು ಶ್ರವಣಬೆಳಗೊಳ ಕ್ಷೇತ್ರದೊಳಗಿದೆ.

18 ಆಗುವ ಮೊದಲು ಏನು ಮಾಡಬಹುದು?

ಬಹಳ ಇದೆ. ಹಳ್ಳಿಗಳಿಂದ ಬರುವವರು ಮೊದಲು ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಯಾವಾಗ ಎಂದು ಕೇಳಿ. ಅದನ್ನು ವರ್ಷಕ್ಕೊಮ್ಮೆ ನಡೆಸಬೇಕೆಂದು ಸರ್ಕಾರದ ಸೂಚನೆಯಿದೆ. 18ರೊಳಗಿನವರೇ ಅಲ್ಲಿ ಮಾತಾಡುವುದು. ಶಾಲೆಯ ಶೌಚಾಲಯ, ಬಸ್ ನಿಲ್ಲದ ಸ್ಟಾಪ್, ದೀಪವಿಲ್ಲದ ದಾರಿ, ಎಲ್ಲವನ್ನೂ ಕೇಳಬಹುದು. ಅರಕಲಗೂಡು ತಾಲ್ಲೂಕಿನಲ್ಲಿರುವ ನಮ್ಮ ಮಾಮು ಊರಿನಲ್ಲಿ ಹಿಂದಿನ ರಜೆಯಲ್ಲಿ ವಾರ್ಡ್ ಸಭೆ ನಡೆಯಿತು. ನಾನೂ ಹೋಗಿ ಹಿಂದೆ ಕೂತಿದ್ದೆ. ಬಂದವರು ಇಪ್ಪತ್ತು ಜನ ಇರಬಹುದು. ಅದರಲ್ಲಿ ಮೂವತ್ತು ದಾಟದವರು ಇಬ್ಬರೇ. ಅಷ್ಟು ಜನ ಸೇರಿ ಯಾರಿಗೆ ಮನೆ, ಯಾವ ಬೀದಿಗೆ ಚರಂಡಿ ಎಂದು ಪಟ್ಟಿ ಮಾಡಿದರು. ಬಾರದವರು ಆಮೇಲೆ ಟೀ ಅಂಗಡಿಯಲ್ಲಿ ಕೂತು ಪಟ್ಟಿ ಸರಿಯಿಲ್ಲ ಎಂದರು.

ವಾಣಿಜ್ಯ ವಿದ್ಯಾರ್ಥಿಗಳಿಗೆ ಇನ್ನೂ ಒಂದು ವಿಶೇಷ ಕೆಲಸವಿದೆ, ಜಮಾಬಂದಿ. ಪ್ರತಿವರ್ಷ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಜಮಾ ಖರ್ಚನ್ನು ಊರಿನವರ ಮುಂದೆ ಓದಿ, ಕಾಮಗಾರಿಗಳನ್ನು ಸ್ಥಳಕ್ಕೇ ಹೋಗಿ ನೋಡುವ ಕ್ರಮವಿದೆ. ಪುಸ್ತಕದಲ್ಲಿ ಚರಂಡಿ ಇದ್ದರೆ ಬೀದಿಯಲ್ಲೂ ಚರಂಡಿ ಇರಬೇಕು. ರಸೀದಿ, ವೋಚರ್, ಬಾಕಿ ಎಂದರೇನು ಎಂದು ಊರಿನ ಎಷ್ಟೋ ಜನರಿಗಿಂತ ನಮಗೆ ಚೆನ್ನಾಗಿ ಗೊತ್ತು. ಓದಿದ ಅಕೌಂಟೆನ್ಸಿಯನ್ನು ಊರಿಗಾಗಿ ಬಳಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

ಪಟ್ಟಣದವರಿಗೂ ದಾರಿಗಳಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಸಕಾಲ ಕಾಯ್ದೆಯಲ್ಲಿ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳಿಗೆ ಇಷ್ಟು ದಿನ ಎಂದು ಗಡುವಿದೆ. ಸ್ಕಾಲರ್‌ಶಿಪ್ ಸಮಯದಲ್ಲಿ ನಾವೆಲ್ಲ ಸಾಲಿನಲ್ಲಿ ನಿಲ್ಲುತ್ತೇವೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯಿರುವ ರಸೀದಿ ಕೇಳಿ ಪಡೆಯಿರಿ. ಜಗಳ ಬೇಡ, ಕೂಗಾಟ ಬೇಡ, ರಸೀದಿ ಸಾಕು.

ನಡೆಯದ ಚುನಾವಣೆ

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕರ್ನಾಟಕದಲ್ಲಿ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವುಗಳ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟ್ ಎನ್ನುತ್ತಾ ನಾನು ಇದನ್ನು ಬರೆಯುವ ಹೊತ್ತಿಗೂ ಚುನಾವಣೆ ನಡೆದಿಲ್ಲ. ನಮ್ಮ ಅಣ್ಣಂದಿರು, ಆಪಾಗಳು 18 ದಾಟಿ, 20 ದಾಟಿ, 25 ದಾಟಿದರೂ ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿಲ್ಲ. ನಜೀರ್ ಸಾಬ್ ಅವರ ರಾಜ್ಯದಲ್ಲಿ ಹೀಗಾಗಿದೆ. ಇದು ಒಂದು ಪಕ್ಷದ ತಪ್ಪಲ್ಲ, ಈ ವರ್ಷಗಳಲ್ಲಿ ಸರ್ಕಾರಗಳು ಬದಲಾಗಿವೆ. ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್‌ನಲ್ಲಿ ಚುನಾವಣೆ ಆಗಿತ್ತು, ಅವುಗಳ ಅವಧಿಯೂ ಐದೇ ವರ್ಷ. ಯುವಜನರು ಕೇಳದಿದ್ದರೆ ಇದನ್ನು ಯಾರು ಕೇಳುತ್ತಾರೆ? ನಮ್ಮ ಪರೀಕ್ಷೆ ಒಂದು ವಾರ ಮುಂದಕ್ಕೆ ಹೋದರೆ ವಾಟ್ಸ್‌ಆ್ಯಪ್ ಗುಂಪುಗಳು ತುಂಬಿಹೋಗುತ್ತವೆ. ಚುನಾವಣೆ ನಾಲ್ಕು ವರ್ಷ ಮುಂದಕ್ಕೆ ಹೋದರೂ ನಾವು ಸುಮ್ಮನಿದ್ದೇವೆ.

ಹುಡುಗಿಯರಿಗೆ ಎರಡು ಮಾತು

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗ್ರಾಮ ಪಂಚಾಯಿತಿಗೆ ನಿಲ್ಲಲು 21 ವರ್ಷ ಸಾಕು, ಅಂದರೆ ನಮಗೆ ಇನ್ನು ನಾಲ್ಕೇ ವರ್ಷ. ಗೆದ್ದ ಹೆಂಗಸಿನ ಬದಲು ಗಂಡನೋ ಅಣ್ಣನೋ ಸಭೆಗೆ ಬರುವುದನ್ನು ನಾವು ನೋಡಿದ್ದೇವೆ. ಓದಿದ ಹುಡುಗಿಯರು ಮುಂದೆ ಬಂದರೆ ಅದು ನಿಲ್ಲುತ್ತದೆ. ತಾನೇ ಲೆಕ್ಕ ಓದಬಲ್ಲ, ತಾನೇ ಅರ್ಜಿ ಬರೆಯಬಲ್ಲ ಸದಸ್ಯೆಯ ಕುರ್ಚಿಯಲ್ಲಿ ಬೇರೆಯವರು ಕೂರಲಾರರು. ಮನೆಯಲ್ಲಿ ಒಪ್ಪುವುದಿಲ್ಲ ಎನ್ನುವಿರಿ. ಮೊದಲು ಓದಿಗೂ ಒಪ್ಪುತ್ತಿರಲಿಲ್ಲ. ಇವತ್ತು ನಮ್ಮ ತರಗತಿಯಲ್ಲಿ ನಾವೇ ಹೆಚ್ಚಿದ್ದೇವೆ. ಸಲಹೆ ಕೇಳಿ ಕೆಲಸ ಮಾಡುವುದಕ್ಕೆ ನಮ್ಮ ದೀನ್‌ನಲ್ಲಿ 'ಶೂರಾ' ಎಂಬ ಹೆಸರಿದೆ, ಕುರ್‌ಆನ್‌ನ ಒಂದು ಸೂರಾ ಆ ಹೆಸರಿನದೇ. ಸಲಹೆ ಎಂದ ಮೇಲೆ ಮನೆಯ ಅರ್ಧ ಜನರನ್ನು ಬಿಟ್ಟು ಹೇಗೆ?

ಚುನಾವಣೆಗೆ ನಿಲ್ಲದವರು

ಎಲ್ಲರೂ ಚುನಾವಣೆಗೆ ನಿಲ್ಲಬೇಕಿಲ್ಲ. ಸಾರ್ವಜನಿಕ ಸೇವೆಗೆ ನಮ್ಮ ಮನೆಗಳಲ್ಲಿ 'ಖಿದ್ಮತ್' ಎನ್ನುತ್ತಾರೆ. ಅದು ಸರ್ಕಾರಿ ಕೆಲಸದಲ್ಲೂ ಇದೆ. ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಸಾಕು. 2024ರಲ್ಲಿ ರಾಜ್ಯ ಒಂದು ಸಾವಿರ ಹುದ್ದೆಗಳಿಗೆ ಪರೀಕ್ಷೆ ನಡೆಸಿತು. ಅದರಲ್ಲಿ ಕನ್ನಡ ಕಡ್ಡಾಯ ಪತ್ರಿಕೆಯೂ ಇತ್ತು. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೂ ಪಿಯುಸಿ ಸಾಕು. ಪದವಿ ಮುಗಿದರೆ ಪಿಡಿಒ, ಕೆಎಎಸ್, ಲೆಕ್ಕಪರಿಶೋಧನಾ ಇಲಾಖೆ ಇವೆ. ನಮ್ಮಲ್ಲಿ ಇಂಜಿನಿಯರ್, ಡಾಕ್ಟರ್, ಗಲ್ಫ್ ಎಂದು ಕನಸು ಕಾಣುವವರಿದ್ದಾರೆ, ಗ್ರಾಮ ಆಡಳಿತ ಅಧಿಕಾರಿಯಾಗುತ್ತೇನೆ ಎನ್ನುವವರನ್ನು ನಾನಿನ್ನೂ ಕಂಡಿಲ್ಲ. ಆದರೆ ಒಬ್ಬ ಅಜ್ಜಿಗೆ ಪಿಂಚಣಿ ಸಿಗುವುದೋ ಇಲ್ಲವೋ ಎಂಬುದು ಆ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ.

ನಮ್ಮ ಕಾಲೇಜಿಗೆ ಮೂರು ಕೋರಿಕೆ

ಪ್ರಾಂಶುಪಾಲರಿಗೂ ಆಡಳಿತ ಮಂಡಳಿಯ ಹಿರಿಯರಿಗೂ ಗೌರವದಿಂದ ಮೂರು ಕೋರಿಕೆ ಇಡುತ್ತೇನೆ.

ಒಂದು, ತರಗತಿ ಪ್ರತಿನಿಧಿಯನ್ನು ಅಂಕ ನೋಡಿ ನೇಮಿಸುವ ಬದಲು ಗುಪ್ತ ಮತದಾನದಿಂದ ಆರಿಸಲು ಬಿಡಿ. ಒಂದು ರಟ್ಟಿನ ಪೆಟ್ಟಿಗೆ, ನಲವತ್ತು ಚೀಟಿ ಸಾಕು. ಸೋತವರು ಗೆದ್ದವರಿಗೆ ಕೈ ಕುಲುಕುವುದನ್ನು ಇಲ್ಲೇ ಕಲಿಯೋಣ.

ಎರಡು, ಚುನಾವಣಾ ಆಯೋಗದ ಯೋಜನೆಯಂತೆ ಮತದಾರರ ಸಾಕ್ಷರತಾ ಸಂಘವೊಂದನ್ನು ನಮ್ಮಲ್ಲೂ ಚುರುಕುಗೊಳಿಸೋಣ. ಜನವರಿ 25 ರಾಷ್ಟ್ರೀಯ ಮತದಾರರ ದಿನ. ಅಂದು ಪ್ರತಿಜ್ಞೆ ಓದಿ ಮುಗಿಸುವ ಬದಲು ಕಂಪ್ಯೂಟರ್ ಲ್ಯಾಬ್ ತೆರೆದಿಡಿ. 17 ತುಂಬಿದ ಪ್ರತಿಯೊಬ್ಬರೂ ಅಲ್ಲೇ ನಮೂನೆ 6 ಹಾಕಿ ಹೋಗಲಿ. ಬಿಎಲ್‌ಒ ಒಬ್ಬರನ್ನು ಕರೆದರೆ ಇನ್ನೂ ಒಳ್ಳೆಯದು.

ಮೂರು, ಸರ್ಕಾರ ನಡೆಸುವ ಯುವ ಸಂಸತ್ ಸ್ಪರ್ಧೆಗೆ ನಮ್ಮ ಕಾಲೇಜಿನಿಂದಲೂ ತಂಡ ಹೋಗಲಿ. ಅದರಲ್ಲಿ ಉರ್ದು ಮನೆಮಾತಿನ ಹುಡುಗಿಯರು ಕನ್ನಡದಲ್ಲಿ ಪ್ರಶ್ನೋತ್ತರ ಮಾಡುವುದನ್ನು ಜಿಲ್ಲೆ ನೋಡಲಿ.

ಗೆಳೆಯ ಗೆಳತಿಯರೇ, 1989ಕ್ಕೆ ಮೊದಲು ಮತದಾನದ ವಯಸ್ಸು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು. ನಮ್ಮ ವಯಸ್ಸಿನವರ ಮೇಲೆ ಈ ದೇಶ ಅಷ್ಟು ನಂಬಿಕೆ ಇಟ್ಟಿದೆ. ಈ ವಾರ ಒಂದೇ ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲರ ಹೆಸರನ್ನೂ ಮತಪಟ್ಟಿಯಲ್ಲಿ ಹುಡುಕಿ. ದಾದಿ, ನಾನಿ, ಅಬ್ಬಾ, ಅಮ್ಮಿ, ಬಾಡಿಗೆಗಿರುವ ಪಕ್ಕದ ಮನೆಯ ಆಂಟಿ, ಯಾರನ್ನೂ ಬಿಡಬೇಡಿ. ತಪ್ಪಿದ್ದರೆ ತಿದ್ದಿಸಿ. ನಿಮಗೆ 17 ತುಂಬಿದ್ದರೆ ನಿಮ್ಮದನ್ನೂ ಹಾಕಿ. ಮಾಡಿದ ಮೇಲೆ ನಿಮ್ಮ ತರಗತಿಯ ಫಲಕದಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಸಂಚಿಕೆಯಲ್ಲಿ ಯಾವ ತರಗತಿಯಲ್ಲಿ ಎಷ್ಟು ಗೆರೆ ಎಂದು ಸಂಪಾದಕರು ಪ್ರಕಟಿಸಲಿ ಎಂದು ಕೇಳಿಕೊಳ್ಳುತ್ತೇನೆ. ವಿಜ್ಞಾನ ವಿಭಾಗದವರು ನಮ್ಮನ್ನು ಹಿಂದೆ ಹಾಕುತ್ತಾರೋ ನೋಡೋಣ.

— ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ